ಡೊಂಕು ಸಾಲು

ಅಪ್ಪನ ಬಿತ್ತನೆ ಸಾಲು ದಾರ ಹಿಡಿದು ಎಳೆದ ಹಾಗೆ ಇರುತ್ತಿತ್ತು. ಮೊಳಕೆ ಬಂದ ಮೇಲೆ ಬದುವಿನ ಮೇಲೆ ನಿಂತು ನೋಡಿದರೆ ಈ ತುದಿಯಿಂದ ಆ ತುದಿಗೆ ಒಂದೇ ಹಸಿರು ಗೆರೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಅಪ್ಪ ಕಂಡೂ ಕಾಣದವರ ಹಾಗೆ ಇರುತ್ತಿದ್ದರು. ಒಳಗೊಳಗೆ ಜಂಬ ಇತ್ತು, ನಮಗೆ ಗೊತ್ತಿತ್ತು.

ಅವರಿಗೆ 46 ಆದ ವರ್ಷ ಆ ಗೆರೆ ಅಲ್ಲಲ್ಲಿ ಹೊರಳಿತು. "ಟ್ರ್ಯಾಕ್ಟರ್ ಸ್ಟೇರಿಂಗ್ ಸಡಿಲ ಆಗಿದೆ" ಅಂದರು. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, "ಏನೂ ಆಗಿಲ್ಲ, ಗಟ್ಟಿಯಾಗಿಯೇ ಇದೆ" ಅಂದ. ಅಪ್ಪ ಅವನ ಮೇಲೆ ರೇಗಿದರು. ಮುಂದಿನ ಬಿತ್ತನೆಯಲ್ಲೂ ಸಾಲು ಡೊಂಕು.

ನಿಜ ಹೇಳಬೇಕೆಂದರೆ ನಮಗಿಂತ ಮುಂಚೆ ಗೊತ್ತಾಗಿದ್ದು ಹಸುವಿಗೆ. ನಾಲ್ಕು ಸೂಲು ಅಪ್ಪನ ಕೈಗೇ ಹಾಲು ಕೊಟ್ಟಿದ್ದ ಹಸು ಒಂದು ಬೆಳಗ್ಗೆ ಅವರನ್ನು ಒದೆಯಿತು. ಕ್ಯಾನ್ ಉರುಳಿ ಹಾಲೆಲ್ಲ ಕೊಟ್ಟಿಗೆಯ ನೆಲಕ್ಕೆ. ಕೆಚ್ಚಲು ಬಾವು ಇರಬಹುದು ಅಂತ ನಾನು ಮುಟ್ಟಿ ನೋಡಿದೆ. ಏನೂ ಇರಲಿಲ್ಲ. ನಾನು ಕರೆದರೆ ಸುಮ್ನೆ ನಿಲ್ಲುತ್ತಿತ್ತು, ಅಪ್ಪ ಕೂತರೆ ಕಾಲು ಎತ್ತುತ್ತಿತ್ತು. ಒಂದು ದಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅವರ ಕೈಯನ್ನೇ ನೋಡಿದೆ. ಹಿಡಿತ ಒಂದು ಸಲ ಬಿಗಿ, ಒಂದು ಸಲ ಸಡಿಲ, ಮತ್ತೆ ಬಿಗಿ. ಮೊಲೆತೊಟ್ಟಿಗೆ ನೋವಾಗುತ್ತಿತ್ತು, ಅಷ್ಟೇ. "ವಯಸ್ಸಾಯ್ತಲ್ಲಪ್ಪಾ, ಬಿಡು, ನಾನು ಕರೀತೀನಿ" ಅಂದೆ. ಐವತ್ತೂ ಆಗದ ಮನುಷ್ಯನಿಗೆ ಆಡುವ ಮಾತಾ ಅದು?

ಆಮೇಲಿನ ನಾಲ್ಕೈದು ವರ್ಷ ಬೇಗ ಹೇಳಿ ಮುಗಿಸುತ್ತೇನೆ. ನಡೆಯುವಾಗ ಅಪ್ಪ ತೂಗಾಡುತ್ತಿದ್ದರು. ಕುಡಿಯಲು ಶುರು ಮಾಡಿದ್ದಾರೆ ಅಂತ ಅಕ್ಕಪಕ್ಕದವರು ಆಡಿಕೊಂಡರು. ಜೀವಮಾನದಲ್ಲಿ ಕುಡಿದವರಲ್ಲ ಅವರು. ಆದರೂ ಅಮ್ಮ ಒಂದು ರಾತ್ರಿ ಮಲಗಿದ್ದ ಅವರ ಬಾಯಿಯ ಹತ್ತಿರ ಬಗ್ಗಿ ವಾಸನೆ ನೋಡಿದ್ದನ್ನು ನಾನು ಕಂಡೆ. ಸಣ್ಣ ಮಾತಿಗೂ ಸಿಟ್ಟು, ಎದುರಿಗೆ ಸಿಕ್ಕಿದ್ದನ್ನು ಎಸೆಯುವುದು. ಲೆಕ್ಕದ ಪುಸ್ತಕ ತಪ್ಪತೊಡಗಿತು. ಮೊದಲು ತೋರಿಸಿದ ಡಾಕ್ಟರು ನರದ ದೌರ್ಬಲ್ಯ ಅಂತ ಟಾನಿಕ್ ಬರೆದರು, ಎರಡನೆಯವರು ನಿದ್ದೆ ಮಾತ್ರೆ. ವರ್ಷಗಟ್ಟಲೆ ಹೀಗೇ ಹೋಯಿತು.

ಕೊನೆಗೆ ನರರೋಗ ತಜ್ಞರೊಬ್ಬರ ಹತ್ತಿರ ಹೋದೆವು. ಅವರು ಅಪ್ಪನನ್ನು ಮುಟ್ಟುವ ಮುಂಚೆ ಸುಮ್ನೆ ನೋಡುತ್ತಾ ಕೂತರು. ಕುರ್ಚಿಯಲ್ಲಿ ಕೂತ ಅಪ್ಪನ ಬೆರಳುಗಳು ತಮ್ಮ ಪಾಡಿಗೆ ತಾವು ಆಡುತ್ತಿದ್ದವು, ಕಾಣದ ಮಣಿ ಎಣಿಸುವ ಹಾಗೆ. ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. "ನನ್ನ ಎರಡು ಬೆರಳು ಹಿಡಿದು ಒಂದೇ ಸಮನೆ ಒತ್ತಿ" ಅಂದರು. ಅಪ್ಪ ಒತ್ತಿದರು, ಬಿಟ್ಟರು, ಒತ್ತಿದರು. ಈ ಲಕ್ಷಣಕ್ಕೆ ವೈದ್ಯರು ಇಟ್ಟಿರುವ ಹೆಸರು ಏನು ಗೊತ್ತಾ? ಹಾಲು ಕರೆಯುವವಳ ಹಿಡಿತ. ಅದನ್ನು ಅವರು ಹೇಳಿದಾಗ ನನಗೆ ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಏನೋ ಕದಡಿದ ಹಾಗಾಯಿತು. ಕೊಟ್ಟಿಗೆಯಲ್ಲಿ ನಾನು ಕಣ್ಣಾರೆ ನೋಡಿದ್ದು ಅದನ್ನೇ ಅಲ್ವಾ.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ತಾಯಿ ಹೇಗೆ ತೀರಿಕೊಂಡರು?"

ಅಪ್ಪ ಗೋಡೆ ನೋಡಿದರು. ಅಜ್ಜಿಗೆ ತಲೆ ಕೆಟ್ಟಿತ್ತು ಅನ್ನುವುದಷ್ಟೇ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಮಾತು. ಅದೂ ಪಿಸುದನಿಯಲ್ಲಿ.

ರಕ್ತ ಕಳಿಸಿದರು. ಕೆಲವು ವಾರಕ್ಕೆ ರಿಪೋರ್ಟ್ ಬಂತು. ಹಂಟಿಂಗ್‌ಟನ್ ಕಾಯಿಲೆ. ಮಿದುಳಿನ ನರಕೋಶ ನಿಧಾನವಾಗಿ ಸಾಯುವ, ವಂಶದಲ್ಲಿ ಇಳಿದು ಬರುವ ಕಾಯಿಲೆ. ಕೆಳಗೆ ಎರಡು ಸಂಖ್ಯೆ: 17 ಮತ್ತು 44. ಆ ಎರಡು ಸಂಖ್ಯೆಯ ಅರ್ಥ ತಿಳಿಯಲು ನನಗೆ ಇನ್ನೂ ಒಂದಿಷ್ಟು ಸಮಯ ಬೇಕಾಯಿತು. ಡಾಕ್ಟರು ಹೇಳಿದ್ದರಲ್ಲಿ ಅವತ್ತು ತಲೆಗೆ ಹೋಗಿದ್ದು ಎರಡೇ ಮಾತು. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಮಕ್ಕಳಲ್ಲಿ ಒಬ್ಬೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಾವು ಇಬ್ಬರು ಮಕ್ಕಳು. ಆಗ ನನಗೆ 31, ತಮ್ಮನಿಗೆ 27. ಮದುವೆಯಾದ ಮೇಲೂ ನಾನು ಇದೇ ಹೊಲದಲ್ಲಿ ಉಳಿದವಳು. ನನ್ನ ಗಂಡ, ತಮ್ಮ, ನಾನು ಮೂವರೂ ಸೇರಿ ದುಡಿಯುವುದು. ನನ್ನ ಮಗಳಿಗೆ ಆಗಿನ್ನೂ ಆರು ವರ್ಷ.

ವಾಪಸ್ ಬಂದ ಮೇಲೆ ಮಾಡಬೇಕಾಗಿದ್ದ ಮೊದಲ ಕೆಲಸ ಟ್ರ್ಯಾಕ್ಟರ್ ಕೀ ಕಿತ್ತುಕೊಳ್ಳುವುದು. ಮೇವು ಕತ್ತರಿಸುವ ಯಂತ್ರಕ್ಕೆ ಆಗಲೇ ಬೀಗ ಹಾಕಿದ್ದೆವು. ಆದರೆ ಟ್ರ್ಯಾಕ್ಟರ್ ಕೀ ಅಪ್ಪನ ಜೇಬಿನಲ್ಲೇ ಇರುತ್ತಿತ್ತು. ಕೇಳುವ ಧೈರ್ಯ ಯಾರಿಗೂ ಇಲ್ಲ. ತಮ್ಮ ಒಂದು ಉಪಾಯ ಮಾಡಿದ. ರಾತ್ರಿ ಹೋಗಿ ಬ್ಯಾಟರಿ ವೈರ್ ಬಿಚ್ಚಿಟ್ಟ. ಬೆಳಗ್ಗೆ ಅಪ್ಪ ಹತ್ತಿ ಕೂತರು. ಕೀ ತಿರುಗಿಸಿದರು. ಟಿಕ್ ಅನ್ನುವ ಸದ್ದೂ ಇಲ್ಲ. ಇನ್ನೊಮ್ಮೆ ತಿರುಗಿಸಿದರು. ನಾವು ಕೊಟ್ಟಿಗೆಯ ಕಿಟಕಿಯಿಂದ ಕಳ್ಳರ ಹಾಗೆ ನೋಡುತ್ತಿದ್ದೆವು. ನಲವತ್ತು ವರ್ಷ ಯಂತ್ರದ ಜೊತೆ ಬಾಳಿದ ಮನುಷ್ಯನಿಗೆ ಗೊತ್ತಾಗದೆ ಇರುತ್ತಾ? ಇಳಿದು ಬಾನೆಟ್ ಕೂಡ ತೆಗೆಯಲಿಲ್ಲ. ಸೀಟಿನ ಮೇಲೆ ಹತ್ತು ನಿಮಿಷ ಹಾಗೇ ಕೂತರು, ಕೈ ಮಾತ್ರ ಸ್ಟೇರಿಂಗ್ ಮೇಲೆ ಕುಣಿಯುತ್ತಿತ್ತು. ಆಮೇಲೆ ಇಳಿದು ಬಂದು ತಮ್ಮನ ಕೈಗೆ ಕೀ ಇಟ್ಟರು.

"ವೈರ್ ತೆಗೆದಿದ್ದೀಯ ಅಲ್ವಾ. ಹಾಕ್ಕೋ. ಮಳೆ ಬರೋ ಹಾಗಿದೆ."

ಅವತ್ತಿನಿಂದ ನಮ್ಮ ಮನೆಯಲ್ಲಿ ಇನ್ನೊಂದು ಕಾಯಿಲೆ ಶುರುವಾಯಿತು. ಒಬ್ಬರು ಇನ್ನೊಬ್ಬರ ಕೈ ನೋಡುವ ಕಾಯಿಲೆ. ತಮ್ಮನ ಕೈಯಿಂದ ಸ್ಪ್ಯಾನರ್ ಜಾರಿದರೆ ಅಮ್ಮನ ಕಣ್ಣು ಅಲ್ಲಿಗೆ. ನಾನು ಎಡವಿದರೆ ಗಂಡ ಸುಮ್ಮನಾಗಿಬಿಡುತ್ತಿದ್ದರು. ಯಾರಿಗಾದರೂ ಸಿಟ್ಟು ಬಂದರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಸಿಟ್ಟು ಮಾಡಿಕೊಳ್ಳುವ ಹಕ್ಕೂ ಹೋಯಿತು! ರಾತ್ರಿ ಮಲಗಿ ಕತ್ತಲಲ್ಲಿ ಹೆಬ್ಬೆರಳಿಗೆ ಒಂದೊಂದೇ ಬೆರಳು ತಾಗಿಸಿ ನೋಡುತ್ತಿದ್ದೆ. ಸರಿಯಾಗಿ ತಾಗಿದರೆ ನಿದ್ದೆ. ಒಂದು ತಪ್ಪಿದರೆ ಬೆಳಗಿನವರೆಗೂ ಎಚ್ಚರ. ದಿನವಿಡೀ ಹಾಲು ಕರೆದು, ಹುಲ್ಲು ಕೊಯ್ದು ಬಂದ ಕೈ ಅದು, ಒಂದೆರಡು ಸಲ ತಪ್ಪದೆ ಇರುತ್ತಾ ಅನ್ನುವ ಬುದ್ಧಿ ಆಗ ಬರುತ್ತಿರಲಿಲ್ಲ.

ಎರಡು ವರ್ಷ ಹೀಗೆ ಕಳೆದ ಮೇಲೆ ಸಾಕಾಯಿತು. ನನಗೆ ಗೊತ್ತಾಗಲೇಬೇಕು ಅನ್ನಿಸಿತು. ತಮ್ಮನಿಗೆ ಹೇಳಿದೆ. ಅವನು ಬೇಲಿಗೆ ತಂತಿ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

"ನಿನಗೆ ಬೇಕಾದ್ರೆ ಮಾಡಿಸ್ಕೋ ಅಕ್ಕ. ನನ್ನ ಹೆಸರು ಎತ್ತಬೇಡ. ಗೊತ್ತಾದ್ರೆ ನಾನು ಒಂದು ಸಸಿನೂ ನೆಡಲ್ಲ."

ಅವನು ಆ ವರ್ಷ ಮೇಲಿನ ಹೊಲಕ್ಕೆ ಮರದ ಸಸಿ ಹಾಕಿದ್ದ. ಕೈಗೆ ಫಲ ಸಿಗಲು ಎಂಟು ಹತ್ತು ವರ್ಷ ಬೇಕು.

ರಕ್ತ ಕೊಟ್ಟರೆ ಮುಗಿಯಿತು ಅಂದುಕೊಂಡು ಹೋದೆ. ಹಾಗಲ್ಲ. ಲಕ್ಷಣ ಇರುವವರಿಗೆ ಮಾಡುವ ಪರೀಕ್ಷೆ ಬೇರೆ, ಏನೂ ಲಕ್ಷಣ ಇಲ್ಲದೆ ಮುಂದೆ ಬರುತ್ತಾ ಅಂತ ಕೇಳಲು ಬಂದವರ ದಾರಿ ಬೇರೆ. ಇವರನ್ನು ಬೇಕೆಂದೇ ನಿಧಾನವಾಗಿ ನಡೆಸುತ್ತಾರೆ. ಮೊದಲು ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದ ಕಾಯಿಲೆಗಳ ಬಗ್ಗೆ ತಿಳಿಸಿ ಹೇಳುವವರ ಜೊತೆ ಮಾತು, ಆಮೇಲೆ ನರಗಳ ತಪಾಸಣೆ, ಆಮೇಲೆ ಮನಶ್ಶಾಸ್ತ್ರಜ್ಞರು, ನಡುವೆ ಯೋಚಿಸಲು ಸಮಯ, ಆಮೇಲೆ ರಕ್ತ. ಯಾವ ಹಂತದಲ್ಲಿ ಬೇಕಾದರೂ ಬೇಡ ಅಂತ ಎದ್ದು ಬರಬಹುದು. ರಿಪೋರ್ಟ್ ತಯಾರಾದ ಮೇಲೂ ಕೇಳದೆ ಬರಬಹುದು. ಮೊದಲ ದಿನ ಇದನ್ನೆಲ್ಲ ಕೇಳಿ ನನಗೆ ರೇಗಿತು. ನನ್ನ ರಕ್ತ, ನನ್ನ ದುಡ್ಡು, ನನಗೆ ಹೇಳಲು ಇವರಿಗೇನು ಕಷ್ಟ ಅಂತ.

ಕೌನ್ಸೆಲರ್ ಒಂದು ಬಿಳಿ ಹಾಳೆ ತೆಗೆದು ವಂಶವೃಕ್ಷ ಬರೆಯಲು ಕೂತರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಅಜ್ಜಿಗೆ ಎಷ್ಟು ಜನ ಅಣ್ಣತಮ್ಮಂದಿರು? ಯಾರು ಯಾವ ವಯಸ್ಸಿಗೆ ಹೋದರು? ನನಗೆ ಏನೂ ಗೊತ್ತಿಲ್ಲ. ನಾಚಿಕೆಯಾಯಿತು. ಅಪ್ಪನ ಹತ್ತಿರ ಹಸುಗಳ ಒಂದು ನೋಟ್‌ಬುಕ್ ಇದೆ. ಯಾವ ಹಸು ಯಾವುದರ ಮಗಳು, ಯಾವ ಹೋರಿಯ ಕರು, ಎಷ್ಟನೇ ಸೂಲಿಗೆ ಎಷ್ಟು ಹಾಲು, ಯಾವುದಕ್ಕೆ ಕಾಲಿನ ತೊಂದರೆ, ಐದು ತಲೆಮಾರು ಬರೆದಿಟ್ಟಿದ್ದಾರೆ. ಕರುಗಳಿಗೆ ದೋಷ ಬಂದರೆ ಆ ಹೋರಿಯನ್ನು ಮತ್ತೆ ಬಿಡುತ್ತಿರಲಿಲ್ಲ. ಅಂಥ ಮನುಷ್ಯ ತನ್ನ ಹೆತ್ತವಳ ಬಗ್ಗೆ ಒಂದು ಸಾಲು ಬರೆದಿಲ್ಲ.

ಹಾಗಾಗಿ ಅತ್ತೆಯ ಹತ್ತಿರ ಹೋದೆ. ಅಪ್ಪನ ಅಕ್ಕ, ಅರವತ್ತರ ಹತ್ತಿರ ಹತ್ತಿರ. ಮೊದಲು "ಅದೆಲ್ಲ ಯಾಕೆ ಈಗ" ಅಂದರು. ಎರಡು ಗಂಟೆ ಅದೂ ಇದೂ ಮಾತಾಡಿದ ಮೇಲೆ ತಾವಾಗಿಯೇ ಶುರು ಮಾಡಿದರು. ಅಜ್ಜಿಯನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರಂತೆ. ಹೊರಗಿನ ಮಕ್ಕಳು ಕಿಟಕಿ ಹತ್ತಿ ನೋಡಿ, ಅಜ್ಜಿ ಕುಣೀತಾಳೆ ಅಂತ ನಗುತ್ತಿದ್ದರಂತೆ. "ನಾನೂ ಒಂದು ದಿನ ನಕ್ಕಿದ್ದೆ ಕಣೇ" ಅಂದರು ಅತ್ತೆ. ಅಜ್ಜಿಯ ಒಬ್ಬ ಅಣ್ಣನೂ ಹಾಗೇ ಆಗಿದ್ದರಂತೆ. ಇನ್ನೊಬ್ಬ ಬಾವಿಗೆ ಬಿದ್ದರಂತೆ. ಬಿದ್ದರೋ ಹಾರಿದರೋ ಯಾರೂ ಕೇಳಲಿಲ್ಲವಂತೆ. ಈ ಕಾಯಿಲೆಯಲ್ಲಿ ಮೈ ಅಲುಗಾಡುವುದಕ್ಕೆ ಮುಂಚೆಯೇ ಮನಸ್ಸು ಕುಗ್ಗಬಹುದು ಅಂತ ನನಗೆ ಆಮೇಲೆ ಗೊತ್ತಾಯಿತು. ಅಂದಹಾಗೆ, ಈ ಅಲುಗಾಟಕ್ಕೆ ವೈದ್ಯರು ಕೊರಿಯಾ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಕುಣಿತ. ಕಿಟಕಿಯ ಮಕ್ಕಳೂ ಅದನ್ನೇ ಹೇಳಿದ್ದು.

ಹಾಳೆ ತುಂಬಿಸಿಕೊಂಡು ಎರಡನೇ ಸಲ ಹೋದಾಗ ಕೌನ್ಸೆಲರ್ ವಿವರವಾಗಿ ಹೇಳಿದರು. ಜೀನ್ ಅಂದರೆ ಹೆತ್ತವರಿಂದ ಮಕ್ಕಳಿಗೆ ದಾಟುವ ಬರಹ, ಕ್ರೋಮೋಸೋಮ್ ಅಂದರೆ ಅಂಥ ಜೀನುಗಳನ್ನು ಹೊತ್ತ ಎಳೆ. ಹಂಟಿಂಗ್‌ಟಿನ್ ಅನ್ನುವ ಜೀನ್ ಎಲ್ಲರಲ್ಲೂ ಇದೆ, ನಾಲ್ಕನೇ ಕ್ರೋಮೋಸೋಮ್ ಮೇಲೆ. ಒಂದು ಪ್ರತಿ ತಾಯಿಯದು, ಒಂದು ತಂದೆಯದು. ಅದರೊಳಗೆ ಒಂದು ಕಡೆ ಸಿ, ಎ, ಜಿ ಅನ್ನುವ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಬರುತ್ತವೆ ಅನ್ನುವುದೇ ಎಲ್ಲ. 26ರವರೆಗೆ ಇದ್ದರೆ ಮಾಮೂಲು. 27ರಿಂದ 35 ಇದ್ದರೆ ಆ ಮನುಷ್ಯನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಮಕ್ಕಳಿಗೆ ದಾಟುವಾಗ ಬೆಳೆಯಬಹುದು. 36ರಿಂದ 39 ಅಂದರೆ ಬಂದರೂ ಬಂತು, ಬರದಿದ್ದರೂ ಇಲ್ಲ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಪೂರ್ತಿ ಆಯಸ್ಸು ಬದುಕಿದವರಿಗೆ ಬರುವುದು ಖಂಡಿತ.

ನನಗೆ ಕೂರಿಗೆ ನೆನಪಾಯಿತು. ಬಟ್ಟಲಿನಿಂದ ಕಾಳು ಒಂದೇ ಸಮನೆ ಇಳಿಯಬೇಕು. ಎಲ್ಲೋ ಒಂದು ಕಡೆ ಕೈ ತಪ್ಪಿ ಹಿಡಿಗಟ್ಟಲೆ ಬಿದ್ದರೆ ಅಲ್ಲಿ ಬೆಳೆ ಒತ್ತೊತ್ತಾಗಿ ಬಂದು ಒಂದೂ ಸರಿಯಾಗಿ ಏಳುವುದಿಲ್ಲ. ಹಾಗೇನಾ ಅಂತ ಕೇಳಿದೆ. "ಹೆಚ್ಚು ಕಡಿಮೆ ಹಾಗೇ" ಅಂದರು. ತಂದೆಯಿಂದ ದಾಟುವಾಗ ಎಣಿಕೆ ಹೆಚ್ಚುವ ಸಂಭವ ಜಾಸ್ತಿ ಅಂತಲೂ ಹೇಳಿದರು. ಅಪ್ಪನ 44 ನನ್ನಲ್ಲಿ 47 ಆಗಿರಬಹುದು. ಎಣಿಕೆ ಹೆಚ್ಚಿದಷ್ಟೂ ಬೇಗ ಬರುವುದು ರೂಢಿ, ಆದರೆ ಯಾವ ವಯಸ್ಸಿಗೆ ಅಂತ ಸಂಖ್ಯೆ ನೋಡಿ ಹೇಳಲು ಆಗುವುದಿಲ್ಲ.

ಜಾರ್ಜ್ ಹಂಟಿಂಗ್‌ಟನ್ ಎಂಬ ಅಮೆರಿಕದ ಡಾಕ್ಟರು ಇದರ ಬಗ್ಗೆ ಬರೆದಿದ್ದು 1872ರಲ್ಲಿ. ಆಗ ಅವರಿಗೆ 22 ವರ್ಷ. ಅಷ್ಟು ಚಿಕ್ಕ ಹುಡುಗನಿಗೆ ವಂಶದ ಕಾಯಿಲೆ ಅಂತ ಹೇಗೆ ಗೊತ್ತಾಯಿತು ಅಂದರೆ, ಅವರ ಅಪ್ಪ, ತಾತ ಇಬ್ಬರೂ ಅದೇ ಸೀಮೆಯಲ್ಲಿ ಡಾಕ್ಟರಾಗಿದ್ದರು. ಒಂದೇ ಮನೆತನಗಳನ್ನು ಮೂರು ತಲೆಮಾರು ನೋಡಿದ ಅನುಭವ ಆ ಮನೆಯಲ್ಲಿತ್ತು. ಅಪ್ಪನ ಹಸುವಿನ ನೋಟ್‌ಬುಕ್ ಇದ್ದ ಹಾಗೆ.

ಆ ದಿನ ಇನ್ನೂ ಕೆಲವು ತಪ್ಪು ತಿಳಿವಳಿಕೆ ಹೋಯಿತು. ಒಂದು ತಲೆಮಾರು ಬಿಟ್ಟು ಬರುತ್ತೆ ಅನ್ನುವುದು ಸುಳ್ಳು. ಕೆಟ್ಟ ಪ್ರತಿ ಬಾರದವರಲ್ಲಿ ಅದು ಅಲ್ಲಿಗೇ ನಿಂತಿತು, ಅವರ ಮಕ್ಕಳಿಗೆ ದಾಟುವುದಿಲ್ಲ. ಗಂಡು ಮಕ್ಕಳಿಗೆ ಜಾಸ್ತಿ ಅನ್ನುವುದೂ ಸುಳ್ಳು. ಅಪ್ಪನ ಮೂಗು ಬಂದಿದೆ, ಹಾಗಾಗಿ ಕಾಯಿಲೆನೂ ಬರುತ್ತೆ ಅನ್ನುವುದೂ ಸುಳ್ಳು. ಇದನ್ನು ನಾನು ಕೇಳಿಯೇ ಬಿಟ್ಟಿದ್ದೆ, ನನಗೆ ಅಪ್ಪನದೇ ಮೂಗು. ಮಗಳಿಗೂ ಪರೀಕ್ಷೆ ಮಾಡಿಸಬಹುದಾ ಅಂದೆ. ಆಗಲ್ಲ ಅಂದರು. ಲಕ್ಷಣ ಇಲ್ಲದ ಮಕ್ಕಳಿಗೆ 18 ತುಂಬುವವರೆಗೆ ಮಾಡುವುದಿಲ್ಲ. ಗೊತ್ತಿಲ್ಲದೆ ಇರುವ ಹಕ್ಕು ಅವಳದು, ಅದನ್ನು ಅಮ್ಮನೂ ಕಿತ್ತುಕೊಳ್ಳುವ ಹಾಗಿಲ್ಲ.

ಕೆಲಸಕ್ಕೆ ಬಂದ ಒಂದು ಮಾತು ಹೇಳುತ್ತೇನೆ. ಪರೀಕ್ಷೆಗೆ ಮುಂಚೆ ವಿಮೆ, ಸಾಲದ ವಿಚಾರ ನೋಡಿಕೊಳ್ಳಿ ಅಂದರು, ಅದರ ನಿಯಮ ಒಂದೊಂದು ದೇಶದಲ್ಲಿ ಒಂದೊಂದು. ಅಪ್ಪನ ಜಮೀನಿನ ಕಾಗದ ಅವರು ತಮ್ಮ ಮನಸ್ಸು ತಾವೇ ಹೇಳಬಲ್ಲಾಗಲೇ ಸರಿ ಮಾಡಿಸಿ ಅಂದರು. ನಾವು ಮಾಡಿಸಿದೆವು. ಸಹಿ ಹಾಕಲು ಅಪ್ಪನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ನರಗಳ ತಪಾಸಣೆ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ನಾಲಿಗೆ ಹೊರಗೆ ಚಾಚಿ ಹಾಗೇ ಹಿಡಿದುಕೊಳ್ಳಿ. ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಈ ಬೆರಳಿನಿಂದ ಆ ಬೆರಳಿಗೆ ಹಾಯಿಸಿ. ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಯಿರಿ. ಬದುವಿನ ಮೇಲೆ ಹುಟ್ಟಿ ಬೆಳೆದವಳು ನಾನು, ತಲೆಯ ಮೇಲೆ ಹೊರೆ ಇಟ್ಟುಕೊಂಡು ಓಡುತ್ತೇನೆ. ಆ ಆಸ್ಪತ್ರೆಯ ನೆಲದ ಮೇಲೆ ಹತ್ತು ಹೆಜ್ಜೆ ಹಾಕಲು ಬೆವರಿದೆ. ಕೊನೆಗೆ ಅವರು ಎರಡು ಬೆರಳು ಚಾಚಿದರು. ಒತ್ತಿ ಅಂದರು. ಎಷ್ಟು ಜೋರಾಗಿ ಒತ್ತಿದೆ ಅಂದರೆ, "ಸಾಕಮ್ಮಾ, ಹಾಲು ಬಂದುಬಿಡುತ್ತೆ" ಅಂತ ನಕ್ಕರು. ಸದ್ಯಕ್ಕೆ ಲಕ್ಷಣ ಇಲ್ಲ ಅಂತ ಬರೆದರು. ಆ "ಸದ್ಯಕ್ಕೆ" ಅನ್ನುವ ಪದ ಮನೆಯವರೆಗೂ ಜೊತೆಗೆ ಬಂತು.

ಮನಶ್ಶಾಸ್ತ್ರಜ್ಞೆ ವಯಸ್ಸಾದ ಹೆಂಗಸು. ಅವರು ಕೇಳಿದರು, "ಬಂದಿದೆ ಅಂತ ಗೊತ್ತಾದರೆ ಮರುದಿನ ಬೆಳಗ್ಗೆ ಎದ್ದು ಏನು ಮಾಡ್ತೀರಿ?"

"ಹಾಲು ಕರೀತೀನಿ."

"ಬಂದಿಲ್ಲ ಅಂದ್ರೆ?"

"ಆಗಲೂ ಹಾಲು ಕರೀತೀನಿ."

ಅವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕೇಳಿದರು, "ಕರೆದ ಹಾಲನ್ನ ಒಳಗೆ ತಗೊಂಡು ಹೋದಾಗ ತಮ್ಮ ಎದುರಿಗೆ ಬರ್ತಾನೆ. ಅವನ ಮುಖ ಹೇಗೆ ನೋಡ್ತೀರಿ?"

ಅದಕ್ಕೆ ಉತ್ತರ ಇರಲಿಲ್ಲ. ಯೋಚಿಸಿ ಬನ್ನಿ, ಅವಸರ ಇಲ್ಲ ಅಂದರು. ನಿಧಾನ ಮಾಡುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆ ದಿನ.

ಒಂದು ಬೆಳೆ ಕೊಯ್ಲು ಮುಗಿಸಿ ಮತ್ತೆ ಹೋದೆ. ರಕ್ತ ಎರಡು ಸಲ ಬೇರೆ ಬೇರೆಯಾಗಿ ತೆಗೆದರು, ಅದಲು ಬದಲು ಆಗದಿರಲಿ ಅಂತ. ಎರಡು ಚಿಕ್ಕ ಟ್ಯೂಬ್, ಅಷ್ಟೇ. ಆಮೇಲೆ ಆರು ವಾರ. ಆ ಆರು ವಾರದಲ್ಲಿ ಏನು ಮಾಡಿದೆ ಅಂತ ಕೇಳಿದರೆ ಸರಿಯಾಗಿ ನೆನಪಿಲ್ಲ. ಕೊಟ್ಟಿಗೆಯ ಗೋಡೆಗೆ ಸುಣ್ಣ ಹೊಡೆದೆ. ಎರಡು ಸಲ.

ರಿಸಲ್ಟ್ ಫೋನಿನಲ್ಲಿ ಹೇಳುವುದಿಲ್ಲ, ಜೊತೆಗೆ ಯಾರನ್ನಾದರೂ ಕರೆದುಕೊಂಡೇ ಬರಬೇಕು. ಹೇಗೆ ಹೇಳಬೇಕು ಅಂತ ಮೊದಲೇ ಕೇಳಿದ್ದರು. ಕೂತ ತಕ್ಷಣ ಹೇಳಿಬಿಡಿ, ಪೀಠಿಕೆ ಬೇಡ ಅಂದಿದ್ದೆ. ಗಂಡನ ಜೊತೆ ಹೋದೆ. ಕೌನ್ಸೆಲರ್ ಬಾಗಿಲು ಹಾಕಿದರು. ನಾನು ಕುರ್ಚಿಗೆ ಪೂರ್ತಿ ಒರಗಿರಲೂ ಇಲ್ಲ.

"ನಿಮಗೆ ಬಂದಿಲ್ಲ."

ಹಾಳೆ ತಿರುಗಿಸಿ ತೋರಿಸಿದರು. 17, 19. ಗಂಡ ಮುಖ ಮುಚ್ಚಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಆ 17ನ್ನೇ ನೋಡುತ್ತಾ ಕೂತೆ. ಅಪ್ಪನ ರಿಪೋರ್ಟಿನಲ್ಲಿ ಇದ್ದದ್ದು 17 ಮತ್ತು 44. ಅವರ ಹತ್ತಿರ 19 ಇರಲೇ ಇಲ್ಲ, ಅದು ಅಮ್ಮನದು. ಅಂದರೆ ಈ 17 ಅಪ್ಪನದು. ತಮ್ಮ ಹತ್ತಿರ ಇದ್ದ ಎರಡರಲ್ಲಿ ಒಳ್ಳೆಯ ಬೀಜ ನನಗೆ ಕೊಟ್ಟಿದ್ದರು, ಅವರಿಗೇ ಗೊತ್ತಿಲ್ಲದೆ. ಮೂಗಿನ ಜೊತೆಗೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರ ಮಾತು ಆಗಲೇ ತೊದಲುತ್ತಿತ್ತು. ಎರಡು ಸಲ ಕೇಳಿದ ಮೇಲೆ ಅರ್ಥವಾಯಿತು, "ಮಗು?" ಅನ್ನುತ್ತಿದ್ದರು. ಮೊಮ್ಮಗಳಿಗೂ ಏನಿಲ್ಲ ಅಂದೆ. ಕಣ್ಣು ಮುಚ್ಚಿಕೊಂಡರು.

ಅಮ್ಮನ ಲೆಕ್ಕ ಬೇರೆ ಇತ್ತು. ಆ ರಾತ್ರಿ ಪಾತ್ರೆ ತೊಳೆಯುತ್ತಾ ಬೆನ್ನು ಹಾಕಿಕೊಂಡೇ ಹೇಳಿದರು, "ಅರ್ಧಕ್ಕರ್ಧ ಅಂದ್ರು. ಇಬ್ಬರಲ್ಲಿ ನೀನು ಉಳಿದೆ. ಹಂಗಾದ್ರೆ ಅವನಿಗೆ." ಎದೆ ಧಸಕ್ ಅಂತು. ಹಾಗಲ್ಲಮ್ಮ, ಹಸು ಎರಡು ಸಲ ಹೆಣ್ಣು ಕರು ಹಾಕಿದರೆ ಮೂರನೆಯದು ಹೋರಿಗರುವೇ ಆಗಬೇಕು ಅಂತ ಇದೆಯಾ, ಪ್ರತಿ ಸಲವೂ ಹೊಸ ಲೆಕ್ಕ ಅಂದೆ. ತಲೆ ಆಡಿಸಿದರು. ನಂಬಿದರು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಸುಳ್ಳು ಯಾಕೆ, ಆ ಲೆಕ್ಕ ನನ್ನ ತಲೆಯಲ್ಲೂ ಒಮ್ಮೊಮ್ಮೆ ಸುತ್ತುತ್ತೆ, ತಪ್ಪು ಅಂತ ಗೊತ್ತಿದ್ದೂ.

ತಮ್ಮ ಏನೂ ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡಿದ್ದ. ಅವತ್ತು ಸಂಜೆ ಹುಲ್ಲಿನ ಹೊರೆ ಇಳಿಸುತ್ತಾ, "ಒಳ್ಳೇದಾಯ್ತು ಅಕ್ಕ" ಅಂದ. ನಿಜವಾದ ಖುಷಿಯಿಂದ ಅಂದ. ನಾನು ಕೊಟ್ಟಿಗೆಯ ಹಿಂದೆ ಹೋಗಿ ಆಗ ಅತ್ತೆ. ಆಮೇಲಿನ ತಿಂಗಳುಗಳಲ್ಲಿ ನನಗೆ ಖುಷಿ ಆಗಲೇ ಇಲ್ಲ ಅಂದರೆ ಜನ ನಂಬುವುದಿಲ್ಲ. ಏನೋ ಕದ್ದು ತಂದವಳ ಹಾಗೆ ಇದ್ದೆ. ಕೌನ್ಸೆಲರ್ ಫೋನ್ ಮಾಡಿ ವಿಚಾರಿಸಿದಾಗ ಇದನ್ನೇ ಹೇಳಿದೆ. ಬರಲಿಲ್ಲ ಅಂತ ಗೊತ್ತಾದವರಲ್ಲೂ ತುಂಬಾ ಜನಕ್ಕೆ ಹೀಗಾಗುತ್ತೆ, ಅದಕ್ಕೇ ನಿಮಗೂ ಫೋನ್ ಮಾಡುವುದು ಅಂದರು.

ತಮ್ಮನಿಗೂ ಪರೀಕ್ಷೆ ಮಾಡಿಸಲು ಹೇಳಿ ಅಂತ ಒಬ್ಬರಲ್ಲ ಒಬ್ಬರು ನನಗೆ ಹೇಳುತ್ತಾ ಇರುತ್ತಾರೆ. ನಾನು ಹೇಳುವುದಿಲ್ಲ. ಲೋಕದಲ್ಲಿ ಈ ಅಪಾಯದಲ್ಲಿ ಇರುವವರಲ್ಲಿ ಹೆಚ್ಚಿನವರು ಪರೀಕ್ಷೆ ಮಾಡಿಸಿಕೊಳ್ಳುವುದೇ ಇಲ್ಲ. ನ್ಯಾನ್ಸಿ ವೆಕ್ಸ್ಲರ್ ಎಂಬ ವಿಜ್ಞಾನಿಯ ತಾಯಿಗೆ ಇದೇ ಕಾಯಿಲೆ ಇತ್ತು. ವೆನೆಜುವೆಲಾದ ಮರಕೈಬೊ ಸರೋವರದ ದಡದ ಹಳ್ಳಿಗಳಿಗೆ ವರ್ಷ ವರ್ಷ ಹೋಗಿ, ಸಾವಿರಾರು ಜನರ ವಂಶವೃಕ್ಷ ಬರೆದು, ರಕ್ತ ತಂದವರು ಅವರು. 1993ರಲ್ಲಿ ಈ ಜೀನ್ ಸಿಕ್ಕಿದ್ದು ಅಂಥ ಕೆಲಸದಿಂದ. ಆ ಪರೀಕ್ಷೆಯನ್ನು ಅವರು ತಮಗೆ ಬೇಡ ಅಂತ ಬಿಟ್ಟಿದ್ದರು. 2020ರಲ್ಲಿ ತಮಗೂ ಕಾಯಿಲೆ ಇದೆ ಅಂತ ಎಲ್ಲರೆದುರು ಹೇಳಿದರು. ಅಷ್ಟು ತಿಳಿದವರಿಗೇ ಬೇಡ ಅನ್ನಿಸಿತು, ನನ್ನ ತಮ್ಮನಿಗೆ ಅನ್ನಿಸಬಾರದಾ?

ಅಪ್ಪನಿಗೆ ಈಗ 54. ಅಲುಗಾಟ ಕಡಿಮೆ ಮಾಡಲು ಟೆಟ್ರಾಬೆನಜಿನ್ ಕೊಡುತ್ತಾರೆ. ಅದು ಮನಸ್ಸನ್ನು ಕುಗ್ಗಿಸಬಹುದು, ಹಾಗಾಗಿ ಮುಖದ ಮೇಲೆ ಒಂದು ಕಣ್ಣು ಇಟ್ಟಿರಬೇಕು. ಮೈ ಒಂದು ಕ್ಷಣ ಸುಮ್ಮನಿರದ ಕಾರಣಕ್ಕೋ ಏನೋ, ಎಷ್ಟು ತಿಂದರೂ ಇಳಿದೇ ಹೋಗುತ್ತಾರೆ. ಉಳುಮೆ ಮಾಡುತ್ತಿದ್ದಾಗ ತಿನ್ನುತ್ತಿದ್ದಕ್ಕಿಂತ ಈಗ ಜಾಸ್ತಿ ಬೇಕು. ನೀರು ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಅದನ್ನು ಮಂದ ಮಾಡಿ ಚಮಚದಲ್ಲಿ ಕೊಡುತ್ತೇವೆ, ಗದ್ದ ಸ್ವಲ್ಪ ಕೆಳಗೆ ಬಗ್ಗಿಸಿ. ಉಣ್ಣಿಸುವಾಗ ಟಿವಿ ಬಂದ್, ಮಾತು ಬಂದ್. ಹೊಸ ಔಷಧಿಗಳ ಪ್ರಯೋಗದ ಸುದ್ದಿ ಬಂದಾಗ ನಾನು ಓದುತ್ತೇನೆ, ತಮ್ಮ ಓದುವುದಿಲ್ಲ. 2021ರಲ್ಲಿ ತುಂಬಾ ಆಸೆ ಹುಟ್ಟಿಸಿದ್ದ ಒಂದು ಔಷಧಿಯ ದೊಡ್ಡ ಪ್ರಯೋಗ ನಡುವೆಯೇ ನಿಂತುಹೋಗಿತ್ತು ಅಂತ ಓದಿದ ಮೇಲೆ ನಾನೂ ಜೋರಾಗಿ ಓದಿ ಹೇಳುವುದು ಬಿಟ್ಟೆ. ಅಪ್ಪನ ಸಿಟ್ಟು ಈಗ ಅಷ್ಟಿಲ್ಲ. ಅದೆಲ್ಲ ಕಾಯಿಲೆಯ ಸಿಟ್ಟು, ಅಪ್ಪನದಲ್ಲ ಅಂತ ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಮೆಕ್ಯಾನಿಕ್‌ಗೆ ಬೈದದ್ದು ಮಾತ್ರ ಅಪ್ಪನೇ.

ಈ ಸಲದ ಬಿತ್ತನೆ ತಮ್ಮ ಒಬ್ಬನೇ ಮುಗಿಸಿದ. ಮೊಳಕೆ ಬಂದ ಮೇಲೆ ಒಂದು ಬೆಳಗ್ಗೆ ಬದುವಿನ ಮೇಲೆ ನಿಂತೆ. ಅವನ ಸಾಲೂ ಅಪ್ಪನದರ ಹಾಗೇ, ದಾರ ಎಳೆದ ಹಾಗೆ. ಎಡಗಡೆಯಿಂದ ಎಣಿಸುತ್ತಾ ಬಂದೆ. ಹದಿನಾಲ್ಕನೇ ಸಾಲು ಹೊಲದ ನಡುಮಧ್ಯದಲ್ಲಿ ಹೊಟ್ಟೆ ಬಿಟ್ಟಿತ್ತು. ಹದಿನೈದೂ ಹಾಗೇ. ಆಮೇಲೆ ಮತ್ತೆ ನೇರ.

ಎರಡು ರಾತ್ರಿ ನಿದ್ದೆ ಇಲ್ಲ. ಊಟದ ಹೊತ್ತಿಗೆ ಅವನು ಲೋಟ ಎತ್ತುವುದನ್ನು ನೋಡಿದೆ. ಮೆಟ್ಟಿಲು ಇಳಿಯುವುದನ್ನು ನೋಡಿದೆ. ಮೂರನೇ ದಿನ ತಡೆಯಲಾರದೆ, ಏನೋ ನೆನಪಾದವಳ ಹಾಗೆ ಕೇಳಿದೆ.

"ಕೆಳಗಿನ ಹೊಲದಲ್ಲಿ ಎರಡು ಸಾಲು ಯಾಕೋ ಡೊಂಕಾಗಿದೆ?"

ಅವನು ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟ. ನನ್ನ ಮುಖ ನೋಡಿದ. ತುಂಬಾ ಹೊತ್ತು ನೋಡಿದ.

"ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತ್ತು. ಸುತ್ತು ಹಾಕ್ಕೊಂಡು ಹೋದೆ." ಆಮೇಲೆ, "ನೀನು ಇನ್ನೂ ನೋಡ್ತಾನೇ ಇದ್ದೀಯ ಅಲ್ವಾ ಅಕ್ಕ" ಅಂದ.

ಎದ್ದು ಹೊರಗೆ ಹೋದ. ಬಾಗಿಲು ಸ್ವಲ್ಪ ಜೋರಾಗಿಯೇ ಬಡಿಯಿತು.

ಬಿಸಿಲು ಇಳಿದ ಮೇಲೆ ನಾನು ಕೆಳಗಿನ ಹೊಲಕ್ಕೆ ಹೋದೆ. ಹದಿನಾಲ್ಕನೇ ಸಾಲಿನ ಹತ್ತಿರ ಬರುತ್ತಿದ್ದಂತೆ ಹಕ್ಕಿ ಮೇಲೆದ್ದು ತಲೆಯ ಮೇಲೆ ಕಿರುಚಾಡುತ್ತಾ ಸುತ್ತಿತು. ಗೂಡು ಅಂತ ಏನಿಲ್ಲ, ಬರೀ ನೆಲದ ಮೇಲೆ ನಾಲ್ಕು ಬೆಣಚುಕಲ್ಲು ಇಟ್ಟು ಮಾಡಿದ ತಗ್ಗು. ಒಳಗೆ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಕಪ್ಪು ಚುಕ್ಕೆ. ಟ್ರ್ಯಾಕ್ಟರ್ ಮೇಲೆ ಕೂತು ಇದನ್ನು ಅವನು ಹೇಗೆ ಕಂಡನೋ. ನನಗೆ ಕಾಲ ಬುಡಕ್ಕೆ ಬರುವವರೆಗೂ ಕಾಣಲಿಲ್ಲ.